ಉಡುಪಿಗೆ ಬಂದವರು ರಾತ್ರಿ ಉಳಿಯುತ್ತಾರಾ? ಪ್ರವಾಸೋದ್ಯಮದ ಮೊದಲ ಸಂಶೋಧನೆ ಮಾಡುವವರಿಗೆ

ಡಿಸೆಂಬರ್ ಹತ್ತಿರ ಬಂತು ಅಂದರೆ ಪ್ರವಾಸೋದ್ಯಮ, ಹೋಟೆಲ್ ಮ್ಯಾನೇಜ್‌ಮೆಂಟ್, ಎಂಕಾಂ ಓದುವ ಮಕ್ಕಳು ಪ್ರಾಜೆಕ್ಟ್ ವಿಷಯ ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರ ಹಾಳೆಯಲ್ಲಿ ಇರುವುದು ಒಂದೇ ತಲೆಬರಹ: ‘ಉಡುಪಿ ಜಿಲ್ಲೆಯ ಪ್ರವಾಸೋದ್ಯಮ: ಸಮಸ್ಯೆಗಳು ಮತ್ತು ಸಾಧ್ಯತೆಗಳು’. ಇದನ್ನು ನಾಲ್ಕು ತಿಂಗಳಲ್ಲಿ ಒಬ್ಬರು ಮಾಡಿ ಮುಗಿಸಲು ಆಗುವುದಿಲ್ಲ. ಹೇಗೋ ಮುಗಿಸಿದರೂ ಕೊನೆಗೆ ಬರುವುದು ‘ಪಾರ್ಕಿಂಗ್ ಸಾಲದು, ಶೌಚಾಲಯ ಕಡಿಮೆ, ಪ್ರಚಾರ ಬೇಕು’ ಅಂತ. ಅಷ್ಟು ಬರೆಯಲು ಸಮೀಕ್ಷೆ ಯಾಕೆ ಬೇಕು, ಅಲ್ವಾ?

ಅದಕ್ಕೆ ಇಲ್ಲಿ ಒಂದೇ ಒಂದು ಸಣ್ಣ ಪ್ರಶ್ನೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಶ್ರೀಕೃಷ್ಣ ಮಠಕ್ಕೆ ಹೊರ ಜಿಲ್ಲೆಗಳಿಂದ ಬಂದವರಲ್ಲಿ ಉಡುಪಿಯಲ್ಲಿ ರಾತ್ರಿ ಉಳಿಯುವವರು ಯಾರು? ಉಳಿಯದವರು ಯಾಕೆ ಹೊರಟು ಹೋಗುತ್ತಾರೆ? ಇದು ನಮ್ಮ ಊರಿಗೆ ನಿಜವಾಗಿ ಬೇಕಾದ ಪ್ರಶ್ನೆ. ಮಧ್ಯಾಹ್ನ ಬಂದು ಸಂಜೆ ಹೋಗುವ ಕುಟುಂಬ ಮಠದಲ್ಲಿ ಪ್ರಸಾದದ ಊಟ ಮಾಡುತ್ತದೆ, ರಥಬೀದಿಯಲ್ಲಿ ಏನೋ ಒಂದಿಷ್ಟು ಕೊಳ್ಳುತ್ತದೆ, ಅಷ್ಟೆ. ಒಂದು ರಾತ್ರಿ ಉಳಿದರೆ ಲಾಡ್ಜು, ರಾತ್ರಿ ಊಟ, ಬೆಳಗಿನ ತಿಂಡಿ, ಮಲ್ಪೆಗೆ ಆಟೊ, ಎಲ್ಲವೂ ಸೇರುತ್ತವೆ. ಯಾರು ಉಳಿಯುತ್ತಾರೆ ಅಂತ ಗೊತ್ತಾದರೆ ಹತ್ತಾರು ಮನೆಗಳ ದುಡಿಮೆಯ ಬಗ್ಗೆ ಏನೋ ಗೊತ್ತಾದ ಹಾಗೆ.

ಮೊದಲು ಎರಡು ದಿನ ಸುಮ್ನೆ ನೋಡಿ

ಪ್ರಶ್ನಾವಳಿ ಬರೆಯುವ ಮೊದಲು ಎರಡು ದಿನ ಹೋಗಿ ನಿಲ್ಲಿ. ಒಂದು ಭಾನುವಾರ, ಒಂದು ಕೆಲಸದ ದಿನ. ಬೆಳಿಗ್ಗೆ ರಥಬೀದಿ, ಸಂಜೆ ಮಲ್ಪೆ ಬೀಚು. ಕೈಯಲ್ಲಿ ಸಣ್ಣ ಪುಸ್ತಕ ಮತ್ತು ಪೆನ್ನು ಇದ್ದರೆ ಸಾಕು. ಯಾರನ್ನೂ ಏನೂ ಕೇಳಬೇಡಿ.

ನೋಡುತ್ತಾ ಹೋದಂತೆ ‘ಪ್ರವಾಸಿಗರು’ ಅನ್ನುವ ಒಂದೇ ಗುಂಪು ಐದಾರಾಗಿ ಒಡೆಯುತ್ತದೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಕೊಲ್ಲೂರು ಎಲ್ಲವನ್ನೂ ಮೂರು ನಾಲ್ಕು ದಿನದಲ್ಲಿ ಮುಗಿಸುವ ಟೂರ್ ಬಸ್ಸಿನವರು ಒಂದು ಕಡೆ. ಸ್ವಂತ ಕಾರಿನಲ್ಲಿ ಬೆಂಗಳೂರಿನಿಂದ ಬಂದವರು ಇನ್ನೊಂದು ಕಡೆ. ಮದುವೆಗೆ ಬಂದು, ಹಾಗೇ ದೇವರ ದರ್ಶನ ಮಾಡಿ ಹೋಗುವವರು ಇದ್ದಾರೆ. ಮಣಿಪಾಲದಲ್ಲಿ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಬಂದ ತಂದೆ ತಾಯಿ, ಆಸ್ಪತ್ರೆಗೆ ಬಂದವರ ಜೊತೆಗಾರರು ಇದ್ದಾರೆ. ಸಂಜೆ ಮಲ್ಪೆಯಲ್ಲಿ ನೋಡಿದರೆ ಅರ್ಧಕ್ಕರ್ಧ ನಮ್ಮ ಜಿಲ್ಲೆಯವರೇ ಇದ್ದಾರೇನೋ ಅನ್ನಿಸುತ್ತದೆ. ಯಾವ ಗುಂಪು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವಾಗ ಬಿಡುವಾಗಿರುತ್ತದೆ, ಇಷ್ಟನ್ನು ಬರೆದುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗೂ ಇದೇ ನಕ್ಷೆ.

ಪ್ರವಾಸಿಗ ಅಂದರೆ ಯಾರು?

ಇದನ್ನು ಬಿಟ್ಟು ಮುಂದೆ ಹೋದ ಪ್ರಾಜೆಕ್ಟುಗಳೇ ಜಾಸ್ತಿ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಬಳಸುವ ಅರ್ಥ ಹೀಗಿದೆ: ತನ್ನ ದಿನನಿತ್ಯದ ಓಡಾಟದ ಜಾಗವನ್ನು ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಬೇರೆ ಕಡೆ ಹೋದವರು ಸಂದರ್ಶಕರು. ಹೋದ ಕಡೆ ಸಂಬಳಕ್ಕೆ ಸೇರಲು ಹೋಗಿರಬಾರದು. ಅವರಲ್ಲಿ ಒಂದು ರಾತ್ರಿಯಾದರೂ ಉಳಿದವರು ಪ್ರವಾಸಿಗರು. ಉಳಿಯದವರು ಒಂದು ದಿನದ ಸಂದರ್ಶಕರು. ಹೋದ ಕಾರಣ ದೇವರ ದರ್ಶನವೋ, ಮದುವೆಯೋ, ಚಿಕಿತ್ಸೆಯೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೋಜಿಗೆ ಹೋದವರು ಮಾತ್ರ ಅಂತ ಎಲ್ಲಿಯೂ ಇಲ್ಲ.

ಮಂಗಳೂರಿನ ಒಂದು ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದಾಗ ವಿದೇಶಿಯರು ಇಳಿದು ಸಂತ ಅಲೋಶಿಯಸ್ ಚಾಪೆಲ್, ಕದ್ರಿ ದೇವಸ್ಥಾನ ಅಂತ ಸುತ್ತಿ ಹಡಗಿಗೇ ಮರಳುತ್ತಾರೆ. ರಾತ್ರಿ ಮಲಗುವುದು ಹಡಗಿನಲ್ಲಿ. ಆದ್ದರಿಂದ ಎಷ್ಟು ದೂರದ ದೇಶದಿಂದ ಬಂದಿದ್ದರೂ ಅವರು ಒಂದು ದಿನದ ಸಂದರ್ಶಕರು. ದಾವಣಗೆರೆಯಿಂದ ಬಂದು ಉಡುಪಿಯ ಲಾಡ್ಜಿನಲ್ಲಿ ಮಲಗಿದ ಅಜ್ಜಿ ಪ್ರವಾಸಿಗರು.

ಇನ್ನು ಕಾರ್ಕಳದಿಂದ ಪ್ರತಿ ತಿಂಗಳು ಮಠಕ್ಕೆ ಬರುವವರು? ಅವರಿಗೆ ಉಡುಪಿ ದಿನನಿತ್ಯದ ಓಡಾಟದ ಊರೇ. ಅದಕ್ಕೆ ನಮ್ಮ ಪ್ರಶ್ನೆಯಲ್ಲಿ ‘ಹೊರ ಜಿಲ್ಲೆ’ ಅಂತ ಇಟ್ಟಿದ್ದು. ಮಂಗಳೂರು ಕೂಡ ಹೊರ ಜಿಲ್ಲೆಯೇ, 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆದ ಮೇಲೆ. ಆದರೆ ಮಂಗಳೂರಿನಿಂದ ದಿನಾ ಉಡುಪಿ, ಮಣಿಪಾಲಕ್ಕೆ ಕೆಲಸಕ್ಕೆ ಬಂದು ಹೋಗುವವರು ಎಷ್ಟೋ ಮಂದಿ. ನನ್ನ ಸಲಹೆ, ದಕ್ಷಿಣ ಕನ್ನಡದವರನ್ನೂ ಲೆಕ್ಕದಿಂದ ಬಿಟ್ಟುಬಿಡಿ. ನೀವು ಬೇರೆ ರೀತಿ ಗೆರೆ ಎಳೆದರೂ ತೊಂದರೆಯಿಲ್ಲ. ಎಲ್ಲಿ ಎಳೆದಿರಿ, ಯಾಕೆ ಎಳೆದಿರಿ ಅಂತ ವರದಿಯಲ್ಲಿ ಬರೆಯಬೇಕು.

ಸರ್ಕಾರಿ ಅಂಕಿಅಂಶ ಬಳಸುವಾಗಲೂ ಇದೇ ಎಚ್ಚರ ಇರಲಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ರಾಜ್ಯಗಳಿಂದ ಪಡೆದು ಪ್ರಕಟಿಸುವುದು ಪ್ರವಾಸಿ ಭೇಟಿಗಳ ಸಂಖ್ಯೆ. ಒಂದೇ ಕುಟುಂಬ ಮಠ, ಮಲ್ಪೆ, ಕಾಪು ಮೂರೂ ಕಡೆ ಹೋದರೆ ಮೂರು ಸಲ ಲೆಕ್ಕಕ್ಕೆ ಬರಬಹುದು. ‘ಇಷ್ಟು ಲಕ್ಷ ಜನ ಬಂದರು’ ಅಂತ ಬರೆಯುವ ಮೊದಲು ಎಣಿಸಿದ್ದು ಏನನ್ನು ಅಂತ ನೋಡಿಕೊಳ್ಳಿ.

ಓದಬೇಕಾದಷ್ಟು ಓದಿ

ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳು ಸಿಗುತ್ತವೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ಇವೆ. ಲೇಖನ ಸಿಕ್ಕಿದರೆ ಮೊದಲು ಸಂಶೋಧನೆ ಹೇಗೆ ಮಾಡಿದರು ಅನ್ನುವ ಭಾಗ ಓದಿ, ಆಮೇಲೆ ಕೋಷ್ಟಕ, ಆಮೇಲೆ ಮಿತಿಗಳು. ಪೀಠಿಕೆ ಕೊನೆಗೆ ಓದಿದರೂ ನಡೆಯುತ್ತದೆ. ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿ: ಯಾರು, ಯಾವ ವರ್ಷ, ಎಲ್ಲಿ, ಎಷ್ಟು ಜನರನ್ನು ಕೇಳಿದರು, ಏನು ಸಿಕ್ಕಿತು. 20 ಲೇಖನ ಚೆನ್ನಾಗಿ ಓದಿದರೆ ಈ ಮಟ್ಟದ ಪ್ರಾಜೆಕ್ಟಿಗೆ ಸಾಕು.

ಸಿದ್ಧಾಂತದ ವಿಷಯದಲ್ಲಿ ಒಂದು ಮಾತು. ಸಂಶೋಧಕ ಬಟ್ಲರ್ 1980ರಲ್ಲಿ ಹೇಳಿದ ಪ್ರವಾಸಿ ತಾಣದ ಜೀವನಚಕ್ರ ಎಲ್ಲರ ವರದಿಯಲ್ಲೂ ಇರುತ್ತದೆ. ಒಂದು ಜಾಗ ಮೊದಲು ನಾಲ್ಕು ಜನರಿಗೆ ಗೊತ್ತಾಗುತ್ತದೆ, ಬೆಳೆಯುತ್ತದೆ, ತುಂಬುತ್ತದೆ, ನಿಂತುಬಿಡುತ್ತದೆ, ಆಮೇಲೆ ಕುಸಿಯುತ್ತದೆ ಅಥವಾ ಹೊಸ ಜೀವ ಪಡೆಯುತ್ತದೆ. ಒಳ್ಳೆಯ ಯೋಚನೆಯೇ. ಆದರೆ ನಮ್ಮ ಪ್ರಶ್ನೆಗೆ ಅದರಿಂದ ಉಪಯೋಗ ಕಡಿಮೆ. ನಮಗೆ ಹತ್ತಿರವಾದದ್ದು ಸಂಶೋಧಕರಾದ ಡ್ಯಾನ್ 1977ರಲ್ಲಿ, ಕ್ರಾಂಪ್ಟನ್ 1979ರಲ್ಲಿ ಬರೆದ ತಳ್ಳುವ ಮತ್ತು ಸೆಳೆಯುವ ಕಾರಣಗಳು. ಮನೆಯ ಬೇಸರ, ದಣಿವು, ನೆಂಟರ ಜೊತೆ ಹೊತ್ತು ಕಳೆಯುವ ಆಸೆ, ಇವು ಒಳಗಿನಿಂದ ತಳ್ಳುತ್ತವೆ. ಕಡಲು, ರಥ, ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಕಲ್ಲುಗಳು ಹೊರಗಿನಿಂದ ಸೆಳೆಯುತ್ತವೆ.

ಹಾಗಂತ ಆ ಪಟ್ಟಿಗಳನ್ನು ಇದ್ದ ಹಾಗೇ ತಂದು ಕೇಳಬೇಡಿ. ಅವು ಬೇರೆ ದೇಶದ ರಜೆಯ ಪ್ರಯಾಣದ ಮೇಲೆ ಹುಟ್ಟಿದವು. ಅದರಲ್ಲಿ ಹರಕೆ ಇಲ್ಲ. ‘ಅಮ್ಮ ಸಾಯುವ ಮೊದಲು ಒಂದು ಸಲ ಕನಕನ ಕಿಂಡಿ ನೋಡಬೇಕು ಅಂದಿದ್ದರು’ ಅನ್ನುವ ಕಾರಣ ಇಲ್ಲ. ನಮ್ಮವರು ಯಾಕೆ ಹೊರಡುತ್ತಾರೆ ಅನ್ನುವುದನ್ನು ಮೊದಲು 10–12 ಜನರ ಬಾಯಲ್ಲೇ ಕೇಳಿ, ಅವರ ಮಾತಿನಿಂದಲೇ ಪಟ್ಟಿ ಮಾಡಿ. ನಿಮ್ಮ ಕೆಲಸದಲ್ಲಿ ಹೊಸದು ಅನ್ನುವುದು ಬರುವುದು ಇಲ್ಲಿಂದಲೇ.

ಪ್ರಶ್ನಾವಳಿ: ಒಂದು ಹಾಳೆ, ಏಳೆಂಟು ನಿಮಿಷ

ದರ್ಶನ ಮುಗಿಸಿ ಚಪ್ಪಲಿ ಹುಡುಕುತ್ತಿರುವವರ ಹತ್ತಿರ ಏಳೆಂಟು ನಿಮಿಷಕ್ಕಿಂತ ಜಾಸ್ತಿ ಇರುವುದಿಲ್ಲ. ಎರಡೂ ಬದಿ ಸೇರಿ ಒಂದೇ ಹಾಳೆ.

ಆರಂಭದಲ್ಲಿ ಸೋಸುವ ಪ್ರಶ್ನೆ: ಯಾವ ಊರಿನಿಂದ ಬಂದಿರಿ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ, ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ‘ನೀವು ಇಲ್ಲಿ ಉಳಿಯುತ್ತೀರಾ’ ಅಂತ ಕೇಳಿದರೆ ಜನ ಏನೋ ಒಂದು ಹೇಳುತ್ತಾರೆ. ಎಲ್ಲಿ ಮಲಗುತ್ತೀರಿ ಅಂತ ಕೇಳಿದರೆ ಊರಿನ ಹೆಸರು ಬರುತ್ತದೆ. ಹಿಂದಿನ ರಾತ್ರಿಯನ್ನೂ ಕೇಳುವುದರಿಂದ ಕೊಲ್ಲೂರಿನಲ್ಲೋ ಧರ್ಮಸ್ಥಳದಲ್ಲೋ ಮಲಗಿ ಉಡುಪಿಯನ್ನು ಹಗಲಲ್ಲಿ ದಾಟುವವರು ಎಷ್ಟು ಅಂತ ತಾನಾಗಿ ತಿಳಿಯುತ್ತದೆ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. ‘ಇಲ್ಲಿಯ ಊಟ ಮತ್ತು ವಸತಿ ಚೆನ್ನಾಗಿದೆಯೇ?’ ಅಂದರೆ ಊಟ ಚೆನ್ನಾಗಿತ್ತು, ರೂಮು ಸಿಗಲಿಲ್ಲ ಅನ್ನುವವರು ಎಲ್ಲಿ ಗುರುತು ಹಾಕಬೇಕು?

ಖರ್ಚಿನ ಪ್ರಶ್ನೆಗೆ ಜಾಸ್ತಿ ಗಮನ ಕೊಡಿ. ಎಷ್ಟು ಜನ ಒಟ್ಟಿಗೆ ಬಂದಿದ್ದೀರಿ, ಆ ಖರ್ಚನ್ನು ಒಬ್ಬರೇ ಕೊಡುವುದಾ, ಹಂಚಿಕೊಳ್ಳುವುದಾ ಅಂತ ಮೊದಲು ಕೇಳಿ. ಆಮೇಲೆ ಊಟ, ಓಡಾಟ, ರೂಮು, ಖರೀದಿ ಬೇರೆ ಬೇರೆಯಾಗಿ. ಟೂರಿನವರಾದರೆ ಒಟ್ಟು ಪ್ಯಾಕೇಜಿನ ದುಡ್ಡು ಹೇಳುತ್ತಾರೆ. ಅದರಲ್ಲಿ ಉಡುಪಿಗೆ ಬಂದದ್ದು ಎಷ್ಟು ಅಂತ ಹೇಳಲು ಅವರಿಗೆ ಸಾಧ್ಯವಿಲ್ಲ, ಅದನ್ನು ಬೇರೆ ಕಾಲಮ್ಮಿನಲ್ಲಿ ಇಡಿ. ಮನೆಯ ಆದಾಯ ಕೇಳಲೇಬೇಕು ಅಂದರೆ ಕೊನೆಗೆ ಕೇಳಿ, ಅದೂ ‘ಇಷ್ಟರಿಂದ ಇಷ್ಟರೊಳಗೆ’ ಅಂತ.

‘ತುಂಬಾ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲಿನ ಅಳತೆ ಮನಶ್ಶಾಸ್ತ್ರಜ್ಞ ಲೈಕರ್ಟ್ 1932ರಲ್ಲಿ ಕೊಟ್ಟದ್ದರಿಂದ ಬಂದದ್ದು. ಬಳಸಿ, ಆದರೆ ಎಂಟು ಹತ್ತು ಸಾಲು ಮೀರಬೇಡಿ. ಉದ್ದವಾದರೆ ಜನ ಎಲ್ಲದಕ್ಕೂ ‘ಒಪ್ಪುತ್ತೇನೆ’ ಅಂದುಬಿಡುತ್ತಾರೆ.

ಭಾಷೆ ಇನ್ನೊಂದು ದೊಡ್ಡ ವಿಷಯ. ಇಂಗ್ಲಿಷ್ ಪ್ರಶ್ನಾವಳಿ ಹಿಡಿದು ರಥಬೀದಿಗೆ ಹೋದರೆ ಇಂಗ್ಲಿಷ್ ಬರುವವರ ಉತ್ತರ ಮಾತ್ರ ನಿಮ್ಮ ಹತ್ತಿರ ಇರುತ್ತದೆ. ಕನ್ನಡದಲ್ಲೇ ಬರೆಯಿರಿ. ಹಿಂದಿ, ತಮಿಳು, ತೆಲುಗು, ಮಲಯಾಳಂ ಪ್ರತಿಗಳಲ್ಲಿ ನಿಮಗೆ ಯಾವುದು ಆಗುತ್ತದೋ ಅದನ್ನು ಮಾಡಿ. ಅನುವಾದ ಆದ ಮೇಲೆ ಇನ್ನೊಬ್ಬರಿಗೆ ಕೊಟ್ಟು ಮತ್ತೆ ಕನ್ನಡಕ್ಕೆ ತರಿಸಿ ನೋಡಿ, ಅರ್ಥ ಎಲ್ಲಿ ತಪ್ಪಿದೆ ಅಂತ ಆಗ ಗೊತ್ತಾಗುತ್ತದೆ. ಎಲ್ಲ ಆದ ಮೇಲೆ 20–30 ಜನರ ಮೇಲೆ ಪ್ರಯೋಗ ಮಾಡಿ. ಆ ಉತ್ತರಗಳನ್ನು ಕೊನೆಯ ಲೆಕ್ಕಕ್ಕೆ ಸೇರಿಸಬೇಡಿ.

ಯಾರನ್ನು ಕೇಳುವುದು, ಎಲ್ಲಿ ನಿಲ್ಲುವುದು

‘384 ಜನ ಸಾಕಾ?’ ಅಂತ ಎಲ್ಲರೂ ಕೇಳುತ್ತಾರೆ. ಈ ಸಂಖ್ಯೆ ಎಲ್ಲಿಂದ ಬಂತು ನೋಡಿ. 1.96ರ (95 ಶೇಕಡಾ ಭರವಸೆಗೆ ಬಳಸುವ ಸಂಖ್ಯೆ) ವರ್ಗವನ್ನು 0.5ರಿಂದ (ಅರ್ಧ ಜನ ಹೌದು, ಅರ್ಧ ಜನ ಇಲ್ಲ ಅನ್ನುವ ಊಹೆ) ಎರಡು ಸಲ ಗುಣಿಸಿ, 0.05ರ (ಐದು ಶೇಕಡಾ ತಪ್ಪು) ವರ್ಗದಿಂದ ಭಾಗಿಸಿದರೆ 384.16. ಅಂದರೆ ದೊಡ್ಡ ಜನಸಂಖ್ಯೆಯಿಂದ ಆರಿಸಿದಾಗ, ಇಂತಹ 100 ಸಮೀಕ್ಷೆಗಳಲ್ಲಿ ಸುಮಾರು 95ರಲ್ಲಿ ಸಿಕ್ಕ ಉತ್ತರ ನಿಜದಿಂದ ಐದು ಶೇಕಡಾ ಆಚೆ ಈಚೆಯೊಳಗೆ ಇರುತ್ತದೆ. 150 ಜನರಾದರೆ ಆಚೆ ಈಚೆ ಸುಮಾರು ಎಂಟು ಶೇಕಡಾ. ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಅದೂ ತಪ್ಪಲ್ಲ. ಆದರೆ ಈ ಲೆಕ್ಕ ನಡೆಯುವುದು ಜನರನ್ನು ಪಕ್ಷಪಾತ ಇಲ್ಲದೆ ಆರಿಸಿದಾಗ ಮಾತ್ರ. ಗೆಳೆಯರ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿ 384 ತುಂಬಿಸಿದರೆ ಈ ಸೂತ್ರಕ್ಕೆ ಅರ್ಥವೇ ಇಲ್ಲ.

ನಾನು ಓದುವಾಗ ಮಾಡಿದ ಮೊದಲ ಸಮೀಕ್ಷೆಯಲ್ಲಿ ಇದೇ ಆಯಿತು. ಮಲ್ಪೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಮಾತ್ರ ಹೋಗುತ್ತಿದ್ದೆ. ನಗುಮುಖ ಕಂಡವರನ್ನು ಕೇಳುತ್ತಿದ್ದೆ. ಮನೆಗೆ ಬಂದು ಹಾಳೆ ಜೋಡಿಸಿದರೆ ಬಹುಪಾಲು ನನ್ನದೇ ವಯಸ್ಸಿನವರು, ಹೆಚ್ಚಿನವರು ಕಾಲೇಜು ಮಕ್ಕಳು. ವಯಸ್ಸಾದ ಹೆಂಗಸರು ಒಬ್ಬರೂ ಇರಲಿಲ್ಲ. ಅವರು ಅಲ್ಲಿ ಇರಲಿಲ್ಲ ಅಂತಲ್ಲ, ನಾನು ಅವರ ಹತ್ತಿರ ಹೋಗಿರಲಿಲ್ಲ. ಎರಡು ವಾರದ ಕೆಲಸ ಮತ್ತೆ ಮಾಡಬೇಕಾಯಿತು.

ಅದಕ್ಕೆ ಪರಿಹಾರ, ಆಯ್ಕೆಯನ್ನು ನಿಮ್ಮ ಕೈಯಿಂದ ತೆಗೆದು ಎಣಿಕೆಗೆ ಕೊಡುವುದು. ಪಾರ್ಕಿಂಗ್ ಜಾಗದ ದಾರಿಯಲ್ಲಿ ಒಂದು ಗೆರೆ ಮನಸ್ಸಿನಲ್ಲಿ ಹಾಕಿಕೊಳ್ಳಿ. ಅರ್ಧ ಗಂಟೆ ಸುಮ್ನೆ ಎಣಿಸಿ. ಗಂಟೆಗೆ 100 ಗುಂಪು ಹೋಗುತ್ತವೆ, ನೀವು ಗಂಟೆಗೆ ಐದು ಗುಂಪನ್ನು ಮಾತಾಡಿಸಬಹುದು ಅಂದರೆ ಪ್ರತಿ 20ನೇ ಗುಂಪನ್ನು ಕೇಳಿ. ಅವರು ಒಪ್ಪದಿದ್ದರೆ ಅದನ್ನೂ ಬರೆದುಕೊಂಡು ಮುಂದಿನ 20ನೇ ಗುಂಪಿಗೆ ಕಾಯಿರಿ. ಗುಂಪಿನಲ್ಲಿ ಯಾರು ಉತ್ತರ ಕೊಡಬೇಕು? ಹಾಗೇ ಬಿಟ್ಟರೆ ಹೆಚ್ಚಾಗಿ ಮನೆಯ ಗಂಡಸರೇ ಮಾತಾಡುತ್ತಾರೆ. 18 ವರ್ಷ ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರು ಅಂತ ಕೇಳುವ ಹಳೆಯ ಉಪಾಯ ಚೆನ್ನಾಗಿ ನಡೆಯುತ್ತದೆ.

ಒಂದು ಬಸ್ಸಿನಿಂದ ಒಂದೇ ಉತ್ತರ ತೆಗೆದುಕೊಳ್ಳಿ. ಒಂದೇ ಬಸ್ಸಿನ 10 ಜನರನ್ನು ಕೇಳಿದರೆ 10 ಹಾಳೆ ತುಂಬುತ್ತದೆ, ತೀರ್ಮಾನ ಒಂದೇ ಇರುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನನ್ನ ಉತ್ತರ, ಬಸ್ಸು ಮತ್ತು ಕಾರು ನಿಲ್ಲುವ ಜಾಗ. ದರ್ಶನಕ್ಕೆ ಹೋಗುವವರ ಮನಸ್ಸು ಬೇರೆ ಕಡೆ ಇರುತ್ತದೆ. ದರ್ಶನ ಮುಗಿಸಿ, ಹಿಂದೆ ಉಳಿದವರಿಗಾಗಿ ಕಾಯುವವರು ಖುಷಿಯಿಂದ ಮಾತಾಡುತ್ತಾರೆ. ಸಾಲಿನಲ್ಲಿ ನಿಂತವರನ್ನು ಕೇಳಬೇಡಿ. ಮಠದ ಆವರಣದೊಳಗೆ ಏನು ಮಾಡುವುದಿದ್ದರೂ ಮೊದಲೇ ಅನುಮತಿ ಪತ್ರ ಕೊಡಿ.

ದಿನಗಳನ್ನೂ ಹಂಚಿಕೊಳ್ಳಿ. ವಾರದ ದಿನ, ವಾರದ ಕೊನೆ, ಬೆಳಿಗ್ಗೆ, ಸಂಜೆ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದ ಜನವರಿ 18ಕ್ಕೆ, ಕೃಷ್ಣ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಇರುತ್ತದೆ. ಆ ದಿನಗಳ ಜನಸಂದಣಿ ಬೇರೆಯೇ. ಅದನ್ನು ಮಾಮೂಲಿ ದಿನದ ಜೊತೆ ಬೆರೆಸಬೇಡಿ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ನಿಲ್ಲುತ್ತದೆ, ಉಳಿಯುವ ಕಾರಣಗಳಲ್ಲಿ ಒಂದು ಆಗ ಇಲ್ಲವಾಗುತ್ತದೆ. ಡಿಸೆಂಬರಿನಲ್ಲಿ ಮಾತ್ರ ಮಾಡಿದ ಸಮೀಕ್ಷೆ ಡಿಸೆಂಬರಿನದ್ದು ಅಂತಲೇ ಹೇಳಬೇಕು.

ಒಪ್ಪಿಗೆ ಕೇಳದೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ನೀವು ಯಾರು, ಯಾವ ಕಾಲೇಜು, ಎಷ್ಟು ಹೊತ್ತು, ಬೇಡ ಅನ್ನಿಸಿದರೆ ನಡುವೆ ನಿಲ್ಲಿಸಬಹುದು, ಇಷ್ಟನ್ನು ಬಾಯಲ್ಲೇ ಹೇಳಿ. ಹೆಸರು, ಫೋನ್ ನಂಬರ್ ಬೇಡ. ಫೋಟೊ ಬೇಡ.

ತೀರ್ಮಾನ ಮಾಡಿದವರನ್ನೂ ಹುಡುಕಿ

ಪ್ರಶ್ನಾವಳಿಯಲ್ಲಿ ‘ಯಾಕೆ ಉಳಿಯುವುದಿಲ್ಲ?’ ಅಂತ ಕೇಳಿದಾಗ ಟೂರ್ ಬಸ್ಸಿನವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಬಸ್ಸು ಹೊರಡುತ್ತದೆ.’ ಇದನ್ನು ‘ಸಮಯದ ಕೊರತೆ’ ಅಂತ ಗುರುತು ಮಾಡಿ ಮುಂದೆ ಹೋದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಅವರು ಉಳಿಯಬೇಕೋ ಬೇಡವೋ ಅಂತ ಯೋಚಿಸಿಯೇ ಇಲ್ಲ. ಆ ತೀರ್ಮಾನ ಊರಿನಲ್ಲಿ ಟೂರು ಹೊರಡಿಸಿದವರದ್ದು, ದಾರಿಯಲ್ಲಿ ಡ್ರೈವರ್‌ದ್ದು. ಬಸ್ಸು ನಿಲ್ಲಿಸಲು ಜಾಗ ಎಲ್ಲಿದೆ, 50 ಜನರಿಗೆ ಒಟ್ಟಿಗೆ ಕಡಿಮೆ ದುಡ್ಡಿಗೆ ಮಲಗಲು ಎಲ್ಲಿ ಸಿಗುತ್ತದೆ, ಡ್ರೈವರ್‌ಗೆ ನಿದ್ದೆ ಮಾಡಲು ಜಾಗ ಇದೆಯಾ, ಬೆಳಿಗ್ಗೆ ಬೇಗ ಸ್ನಾನಕ್ಕೆ ಅನುಕೂಲ ಇದೆಯಾ, ಇವೆಲ್ಲ ನೋಡಿ ಅವರು ರಾತ್ರಿಯ ಊರು ಆರಿಸುತ್ತಾರೆ.

ನಮ್ಮ ಪ್ರಶ್ನೆಯ ಅರ್ಧ ಉತ್ತರ ಇವರ ಹತ್ತಿರ ಇದೆ ಅಂತ ನನ್ನ ಗಟ್ಟಿ ನಂಬಿಕೆ. ಆದರೆ ವಿದ್ಯಾರ್ಥಿಗಳ ಸಮೀಕ್ಷೆಗಳಲ್ಲಿ ಇವರನ್ನು ಕೇಳಿದ್ದು ನಾನು ಕಂಡದ್ದು ತೀರಾ ಕಡಿಮೆ.

ಆದ್ದರಿಂದ ಸಮೀಕ್ಷೆಯ ಜೊತೆಗೆ 12–15 ಸಂದರ್ಶನ ಇಟ್ಟುಕೊಳ್ಳಿ. ಬಸ್ ಡ್ರೈವರ್‌ಗಳು, ಟೂರು ಹೊರಡಿಸುವವರು, ಲಾಡ್ಜಿನ ಮ್ಯಾನೇಜರ್, ಆಟೊದವರು, ರಥಬೀದಿಯ ಅಂಗಡಿಯವರು, ಮಲ್ಪೆಯ ಬೋಟಿನವರು. ತುಳು, ಕೊಂಕಣಿ ಬರುವವರಾದರೆ ಅದರಲ್ಲೇ ಮಾತಾಡಿ. ಡ್ರೈವರ್‌ಗಳನ್ನು ಚಹಾ ಹೊತ್ತಿಗೆ ಹಿಡಿಯಿರಿ, ಮಧ್ಯಾಹ್ನ ಅವರು ಮಲಗುವ ಹೊತ್ತು. ಹೇಳಿದ್ದನ್ನು ಅದೇ ರಾತ್ರಿ ಬರೆದಿಡಿ. ಹೊಸ ಮಾತು ಬರುವುದು ನಿಂತು, ಹಿಂದಿನವರು ಹೇಳಿದ್ದೇ ಮತ್ತೆ ಬರಲು ಶುರುವಾದರೆ ಸಾಕು.

ಊರಿನವರ ಮಾತನ್ನೂ ಕೇಳಿ. ಸಂಶೋಧಕ ಡಾಕ್ಸಿ 1975ರಲ್ಲಿ, ಪ್ರವಾಸಿಗರು ಹೆಚ್ಚಾದಂತೆ ಊರಿನವರ ಮನಸ್ಸು ಹೇಗೆ ಬದಲಾಗುತ್ತದೆ ಅಂತ ನಾಲ್ಕು ಹಂತ ಹೇಳಿದರು: ಮೊದಲು ಸಂಭ್ರಮ, ಆಮೇಲೆ ಅಸಡ್ಡೆ, ಆಮೇಲೆ ಕಿರಿಕಿರಿ, ಕೊನೆಗೆ ವಿರೋಧ. ಮಲ್ಪೆ ಮೊದಲು ಮೀನುಗಾರಿಕೆಯ ಊರು. ಅಲ್ಲಿಯ ಮನೆಗಳಿಗೆ ಹೋಗಿ ಐದು ನಿಮಿಷ ಕುಳಿತರೆ ಎಲ್ಲರೂ ಒಂದೇ ಹಂತದಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ. ಬೀಚಿನಲ್ಲಿ ಅಂಗಡಿ ಇಟ್ಟವರಿಗೂ ಬಲೆ ಒಣಗಿಸುವವರಿಗೂ ಒಂದೇ ಅಭಿಪ್ರಾಯ ಇರಬೇಕಾಗಿಲ್ಲ.

ಲೆಕ್ಕ

ಎಕ್ಸೆಲ್‌ನಲ್ಲಿ ತುಂಬಿಸಿ, ಜಮೋವಿ (jamovi) ಅಥವಾ ಆರ್ (R) ಅನ್ನುವ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿ. ಎರಡೂ ಉಚಿತ. ಮೊದಲ ಕೋಷ್ಟಕ ಸರಳವಾಗಿರಲಿ: ಬಸ್ಸು, ಕಾರು, ರೈಲು ಅಂತ ಸಾಲು, ಉಳಿದವರು, ಉಳಿಯದವರು ಅಂತ ಎರಡು ಕಾಲಮ್ಮು. ವ್ಯತ್ಯಾಸ ಸುಮ್ನೆ ಬಂದದ್ದಾ, ನಿಜವಾ ಅಂತ ನೋಡಲು ಕೈ-ವರ್ಗ (chi-square) ಪರೀಕ್ಷೆ ಸಾಕು.

ಖರ್ಚಿಗೆ ಸರಾಸರಿ ನಂಬಬೇಡಿ. ಐದು ಗುಂಪುಗಳು 800, 1,000, 1,200, 1,500 ಮತ್ತು 20,000 ರೂಪಾಯಿ ಖರ್ಚು ಮಾಡಿವೆ ಅಂತ ಇಟ್ಟುಕೊಳ್ಳಿ. ಸರಾಸರಿ 4,900. ಆದರೆ ಅಷ್ಟು ಖರ್ಚು ಮಾಡಿದ ಗುಂಪು ಒಂದೂ ಇಲ್ಲ. ನಡುವಿನ ಸಂಖ್ಯೆ 1,200, ಅದು ನಿಜಕ್ಕೆ ಹತ್ತಿರ. ಎರಡನ್ನೂ ಕೊಡಿ.

ಉಳಿದವರು ಜಾಸ್ತಿ ತೃಪ್ತರು ಅಂತ ಬಂದರೆ, ಉಳಿದದ್ದರಿಂದ ತೃಪ್ತಿ ಬಂತು ಅಂತ ಬರೆದುಬಿಡಬೇಡಿ. ಮೊದಲೇ ಊರು ಇಷ್ಟವಾದವರು ಉಳಿದಿರಬಹುದು. ಕೈಯಲ್ಲಿ ದುಡ್ಡು, ಬಿಡುವು ಎರಡೂ ಇದ್ದವರು ಉಳಿದಿರಬಹುದು.

ಬರೆಯುವುದು ಮತ್ತು ಹಿಂದಿರುಗಿಸುವುದು

ಎಷ್ಟು ಗುಂಪನ್ನು ಕೇಳಿದಿರಿ, ಎಷ್ಟು ಒಪ್ಪಲಿಲ್ಲ, ಯಾವ ದಿನಗಳಲ್ಲಿ, ಯಾವ ಭಾಷೆ ಬರದೆ ಯಾರನ್ನು ಬಿಡಬೇಕಾಯಿತು, ಎಲ್ಲವನ್ನೂ ಬರೆಯಿರಿ. ಹೀಗೆ ಬರೆದ ವರದಿಯನ್ನು ಓದುವವರು ಹೆಚ್ಚು ನಂಬುತ್ತಾರೆ. ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ಇದೆ. 10 ಶೇಕಡಾದವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಹಾಗಂತ ಆ ಮಿತಿಯೊಳಗೆ ನಕಲು ಮಾಡಲು ಅನುಮತಿ ಅಂತಲ್ಲ. ಎಐ ಕೊಟ್ಟ ಆಕರಗಳನ್ನು ಒಂದೊಂದಾಗಿ ತೆರೆದು ನೋಡಿ. ಇಲ್ಲದ ಲೇಖನದ ಹೆಸರು ಇದ್ದ ಹಾಗೆ ಬಂದಿರುತ್ತದೆ.

ಪ್ರಕಟಿಸುವ ಆಸೆ ಇದ್ದರೆ, ಮೂರು ದಿನದಲ್ಲಿ ಒಪ್ಪಿಗೆ ಕೊಟ್ಟು ದುಡ್ಡು ಕೇಳುವ ಪತ್ರಿಕೆಗಳಿಂದ ದೂರ ಇರಿ. ಒಳ್ಳೆಯ ಪತ್ರಿಕೆಗಳು ಯಾವುವು ಅಂತ ಹೇಳುತ್ತಿದ್ದ ತನ್ನ ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು. ಈಗ ನೀವೇ ನೋಡಬೇಕು: ಸಂಪಾದಕರು ನಿಜವಾಗಿ ಆ ವಿಷಯದವರಾ, ಹಳೆಯ ಸಂಚಿಕೆಗಳ ಲೇಖನ ಓದುವಂತಿವೆಯಾ, ನಿಮ್ಮ ಗೈಡ್‌ಗೆ ಆ ಪತ್ರಿಕೆ ಗೊತ್ತಾ.

ಕೊನೆಯ ಕೆಲಸ ಒಂದಿದೆ, ಇದಕ್ಕೆ ಅಂಕ ಸಿಗುವುದಿಲ್ಲ. ಕನ್ನಡದಲ್ಲಿ ಎರಡು ಪುಟದ ಒಂದು ಹಾಳೆ ಮಾಡಿ. ಕೋಷ್ಟಕ ಒಂದೇ ಇರಲಿ, ಉಳಿದದ್ದು ಮಾತು. ಅದನ್ನು ಲಾಡ್ಜಿನವರಿಗೆ, ಬೋಟಿನವರಿಗೆ, ನಗರಸಭೆಗೆ, ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಕೊಡಿ. ನಾಲ್ಕು ಪ್ರತಿ ಜಾಸ್ತಿ ಮಾಡಿಸಿ ಬಸ್ಸು ನಿಲ್ಲುವ ಜಾಗಕ್ಕೂ ಹೋಗಿ. ನಿಮ್ಮ ಜೊತೆ ಚಹಾ ಕುಡಿದು ಮಾತಾಡಿದ ಡ್ರೈವರ್‌ಗಳಲ್ಲಿ ಯಾರಾದರೂ ಮತ್ತೆ ಬಂದಿರುತ್ತಾರೆ. ಓದಿ ಹೇಳಿ, ತಪ್ಪು ಬರೆದಿದ್ದರೆ ಅಲ್ಲೇ ತೋರಿಸುತ್ತಾರೆ.